‘ಇಲ್ಲ’ ಅನ್ನದ ಮನೆ

ಆ ವರ್ಷ ನಾನು ಎರಡು ಸೀರೆಗಳನ್ನು ಬೇರೆ ಎತ್ತಿಟ್ಟಿದ್ದೆ, ಸಂಡೂರಿನ ಕಡೆ ಹೋಗುವ ದಿನ ಉಡುವುದಕ್ಕೆ. ಕಂಪ್ಲಿ, ಮೆಟ್ರಿ ಕಡೆ ಹೋಗುವಾಗ ಯಾವುದನ್ನು ಉಟ್ಟರೂ ನಡೆಯುತ್ತಿತ್ತು. ಅಲ್ಲಿ ಹತ್ತುವುದು ಗದ್ದೆಯ ಕೆಸರು, ಒಗೆದರೆ ಹೋಗುತ್ತದೆ. ಸಂಡೂರು ರಸ್ತೆಯ ಧೂಳು ಹಾಗಲ್ಲ. ಹೊಸಪೇಟೆಯ ನಮ್ಮ ಮನೆಯ ಬಚ್ಚಲಲ್ಲಿ ಸೀರೆ ನೆನೆಹಾಕಿದರೆ ಬಕೀಟಿನ ನೀರು ಕುಂಕುಮ ಕದಡಿದಂತೆ ಆಗುತ್ತಿತ್ತು. ಎಷ್ಟು ಜಾಲಿಸಿದರೂ ನೆರಿಗೆಯ ಅಂಚು ಕೆಂಪಗೇ ಉಳಿಯುತ್ತಿತ್ತು. ಪಕ್ಕದ ಮನೆಯಾಕೆ ಹಗ್ಗದ ಮೇಲಿನ ಸೀರೆ ನೋಡಿ, “ಎಲ್ಲಿ ಬಣ್ಣ ಆಡಿ ಬಂದ್ಯವ್ವಾ?” ಎಂದು ಕೇಳಿ ನಗುತ್ತಿದ್ದಳು.

ನನ್ನದು ಊರೂರಿಗೆ ಹೋಗಿ ಮನೆಮಂದಿಯ ಸ್ಥಿತಿಗತಿ ಬರೆದುಕೊಳ್ಳುವ ಕೆಲಸ. ಎಲ್ಲಿಯೋ ದೂರದ ಊರಿನವರು ಮಾಡಿಸುತ್ತಿದ್ದ ಸಮೀಕ್ಷೆ. ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಮಳೆಗಾಲದಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೋಗಬೇಕು. ಅವೇ ಮನೆ, ಅವೇ ಪ್ರಶ್ನೆ. ಏನು ಉಂಡಿರಿ, ಏನು ಕೊಂಡಿರಿ, ಯಾರಿಗೆ ಕಾಯಿಲೆ ಬಂತು, ಗೋಡೆ ಯಾವುದರದು, ನೀರು ಎಲ್ಲಿಯದು. ಜೊತೆಗೆ ಮೈಸೂರು ಕಡೆಯವಳೊಬ್ಬಳು ಇದ್ದಳು. ಗಂಡನಿಗೆ ಇಲ್ಲಿ ಕೆಲಸವಾಗಿ ಹೊಸದಾಗಿ ಬಂದವಳು. ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದಳು. ನಾನು ಕೇಳುವುದು, ಅವಳು ಬರೆಯುವುದು. ಬೇಸರವಾದಾಗ ಅದಲುಬದಲು.

ತರಬೇತಿಯಲ್ಲಿ ನಮಗೆ ಎರಡು ಸಂಗತಿಗಳನ್ನು ಮತ್ತೆ ಮತ್ತೆ ಹೇಳಿಕೊಟ್ಟಿದ್ದರು. ಒಂದು, ಕುಟುಂಬ ಅಂದರೆ ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು. ಒಂದೇ ಸೂರಿನಡಿ ಎರಡು ಒಲೆ ಉರಿದರೆ ಅದು ಎರಡು ಕುಟುಂಬ. ಇನ್ನೊಂದು, ಆರು ತಿಂಗಳಿಗಿಂತ ಹೆಚ್ಚು ಕಾಲ ಮನೆಯಲ್ಲಿಲ್ಲದವರನ್ನು ಆ ಮನೆಯ ಸದಸ್ಯರೆಂದು ಬರೆಯಬಾರದು. ಕೇಳುವಾಗ ಎಷ್ಟು ಸಲೀಸು ಅನಿಸಿತ್ತು. ನಾನು ಪ್ರತಿ ಮನೆಯಲ್ಲೂ ಮೊದಲು ಒಲೆಯ ಮಾತನ್ನೇ ಎತ್ತುತ್ತಿದ್ದೆ. “ಒಂದ ಒಲಿ ಮ್ಯಾಲೆ ಉಣ್ಣೋರು ಎಷ್ಟ ಮಂದಿ?” ಅಂದರೆ ಜನರಿಗೆ ತಟ್ಟನೆ ತಿಳಿಯುತ್ತಿತ್ತು.

ಕೆಲವು ಕಡೆ ಪ್ರಶ್ನೆಗಳೇ ಪೇಚಿಗೆ ಸಿಕ್ಕಿಕೊಳ್ಳುತ್ತಿದ್ದವು. ಹಂಪಿಯಲ್ಲಿ ಕಲ್ಲಿನ ಮಂಟಪದೊಳಗೆ ಸಂಸಾರ ಹೂಡಿದ್ದ ಒಬ್ಬಾತ, ಮನೆ ಸ್ವಂತದ್ದೋ ಬಾಡಿಗೆಯದೋ ಎಂದರೆ, “ರಾಜರದ್ರಿ. ಅವರು ಬಾಡಿಗಿ ಕೇಳಾಕ ಇನ್ನಾ ಬಂದಿಲ್ಲ” ಎಂದ. ಜೊತೆಯವಳು ನಗುತ್ತ ‘ಇತರೆ’ ಎಂದು ಬರೆದಳು. ಅವಳು ಆ ಕೆಲಸದಲ್ಲಿ ಮನಸಾರೆ ನಕ್ಕದ್ದು ಅಲ್ಲಿ, ಆಮೇಲೆ ನಾನೀಗ ಹೇಳುವ ಮನೆಯಲ್ಲಿ. ಅಲ್ಲಿಯೂ ಮೊದಲನೆಯ ಸಲ ಮಾತ್ರ.

ಆ ಮನೆ ಸಂಡೂರು ರಸ್ತೆಯಿಂದ ತುಸು ಒಳಗಿತ್ತು. ಬಸ್ಸಿಳಿದು ಅದಿರಿನ ಲಾರಿಗಳ ಸಾಲಿನ ಪಕ್ಕದಲ್ಲಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆಯಬೇಕು. ಜಾಲಿಗಿಡದ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಅಂಗಡಿಯ ಮುಂದೆ ತೂಗುಹಾಕಿದ ಬಿಸ್ಕತ್ತಿನ ಪೊಟ್ಟಣದ ಮೇಲೂ ಅದೇ ಬಣ್ಣ. ಮನೆಗೆ ತಗಡಿನ ಮಾಡು, ಎರಡು ಅಂಕಣ, ಮುಂದೆ ಸಣ್ಣ ಕಟ್ಟೆ. ಒಳಗೆ ದೇವರಿಗೆಂದೇ ಕಟ್ಟಿದ ಪುಟ್ಟ ಜಗಲಿ. ಮನೆಯಲ್ಲಿ ಮೂರು ಜನ: ಮುದುಕಿ, ಅವಳ ಮಗ, ಸೊಸೆ. ಮಗ ಬೇರೆಯವರ ಲಾರಿ ಓಡಿಸುತ್ತಿದ್ದ. ಅದಿರು ತುಂಬಿಕೊಂಡು ಘಾಟಿ ಇಳಿದು ಬಂದರಿಗೆ ಹೋಗುವುದು, ಅಲ್ಲಿ ಸಾಲಿನಲ್ಲಿ ನಿಂತು ಖಾಲಿ ಮಾಡಿ ಬರುವುದು, ಮತ್ತೆ ತುಂಬುವುದು.

ನಾವು ಮೊದಲು ಹೋದಾಗ ಅವನೂ ಇದ್ದ. ಹಿಂದಿನ ದಿನ ಬಂದರಿನಿಂದ ಬಂದವನು ಹಗ್ಗದ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ. ನಮ್ಮನ್ನು ನೋಡಿ ಎದ್ದು ಲುಂಗಿ ಸರಿಮಾಡಿಕೊಂಡ.

“ಬರ್ರಿ, ಕುಂದ್ರಿ. ಲೇ, ನೀರು ಕೊಡು ಅವರಿಗೆ.”

ನಾನು ಒಲೆಯ ಮಾತು ಹೇಳಿ, “ಮನಿ ಯಜಮಾನ ಯಾರ್ರಿ?” ಎಂದೆ.

“ನನ್ನ ಯಜಮಾನ ಹೊಸಪ್ಯಾಟ್ಯಾಗ ಅದಾನ್ರಿ. ಅವಂದು ಎಂಟು ಲಾರಿ ಅದಾವ.”

“ಮನಿ ಯಜಮಾನನ್ನ ಕೇಳ್ತಾರ ಲೇ, ಲಾರಿದಲ್ಲ” ಎಂದು ಮುದುಕಿ ಗದರಿದಳು.

“ಹಂಗಾರ ನೀನ ಅಲ್ಲನಬೇ? ನಿನ್ನ ಮಾತು ಮೀರಿ ಈ ಮನ್ಯಾಗ ಬೆಕ್ಕು ಸೈತ ಹಾಲು ಕುಡಿಯಂಗಿಲ್ಲ.”

ಸೊಸೆ ಬಾಗಿಲ ಮರೆಯಲ್ಲಿ ನಕ್ಕಳು. ಕೊನೆಗೆ ಯಜಮಾನ ಎಂದು ಅವನ ಹೆಸರನ್ನೇ ಬರೆದುಕೊಂಡೆವು. ಜೊತೆಯವಳು ಕಾಳುಕಡಿಯ ಪ್ರಶ್ನೆಗೆ ಬಂದಳು. ಈ ಹೊತ್ತು ಮನೆಯಲ್ಲಿ ಅಕ್ಕಿ ಎಷ್ಟಿದೆ, ಜೋಳ ಎಷ್ಟಿದೆ, ಬೇಳೆ ಎಷ್ಟಿದೆ ಎಂದು ಅಳತೆ ಸಮೇತ ಬರೆಯಬೇಕು.

“ಅಕ್ಕಿ ಎಷ್ಟಿದೆ ಅಕ್ಕ ಮನೇಲಿ?”

“ಹೆಚ್ಚಾಗ್ಯಾವ್ರಿ” ಎಂದಳು ಸೊಸೆ.

“ಹೆಚ್ಚು ಅಂದ್ರೆ ಎಷ್ಟು? ಒಂದು ಚೀಲ ಇದ್ಯಾ?”

ಸೊಸೆ ನನ್ನ ಮುಖ ನೋಡಿದಳು. ಗಂಡ ಮಾತ್ರ ನಗಲು ಶುರುಮಾಡಿದವನು ಕೆಮ್ಮು ಬರುವ ತನಕ ನಕ್ಕ. “ಮೇಡಂ, ಹೆಚ್ಚಾಗ್ಯಾವ ಅಂದ್ರ ನಮ್ಮಾಕಿ ಡಬ್ಬಿ ಬೋರಲ ಹಾಕ್ಯಾಳ ಅಂತ! ನೀವು ಚೀಲ ಬರಕೊಂಡ್ರ ನಾಳಿ ಸರ್ಕಾರದವರು ಲೆವಿ ಕೇಳಾಕ ಬರ್ತಾರ.”

“ಅಂದ್ರೆ, ಅಕ್ಕಿ ಇಲ್ವಾ?”

“ಅನ್ನಬ್ಯಾಡವ್ವ ಹಂಗ” ಎಂದು ಮುದುಕಿ ಕೈ ಎತ್ತಿ ತಡೆದಳು. “ಮನಿಯೊಳಗ ಕುಂತು ಇಲ್ಲ ಅನ್ನಬಾರದು. ಅಕ್ಕಿ ತೀರಿದ್ರ ಹೆಚ್ಚಾದವು ಅನ್ನಬೇಕು. ಬಳಿ ಒಡೆದ್ರೂ ಹೆಚ್ಚಾದವು ಅನ್ನಬೇಕು. ಜಗಲಿ ಮ್ಯಾಲಿನ ದೇವರು ಕೇಳಿಸಿಕೊಂತಾನ, ಹಂಗ ಆಗ್ಲಿ ಅಂತಾನ.”

ಜೊತೆಯವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಬರೆದದ್ದನ್ನು ಹೊಡೆದುಹಾಕಿ ಸೊನ್ನೆ ಹಾಕಿದಳು. ಅವಳಿಗೆ ಮುಂಚೆಯೇ ಹೇಳಬೇಕೆಂದು ನನಗೆ ತೋಚಿರಲೂ ಇಲ್ಲ. ನಮ್ಮ ಮನೆಯಲ್ಲೂ ಎಣ್ಣೆ ತೀರಿದರೆ ಹೆಚ್ಚಾಯಿತು ಎಂದೇ ಅನ್ನುವುದು. ಬೇರೆಯವರಿಗೆ ಅದು ತಿರುಗುಮುರುಗಾಗಿ ಕೇಳಬಹುದೆಂದು ಆವತ್ತಿನವರೆಗೆ ಯೋಚಿಸಿರಲಿಲ್ಲ.

ಅಷ್ಟರಲ್ಲಿ ಅವನಿಗೆ ಹೊರಡುವ ಹೊತ್ತಾಗಿತ್ತು. ಲಾರಿ ತಿರುವಿನಲ್ಲಿ ನಿಂತಿತ್ತು. ರೊಟ್ಟಿಯ ಗಂಟು ಹಿಡಿದು ಮೆಟ್ಟಿಲಿಳಿಯುತ್ತ ಹೆಂಡತಿಗೆ, “ಬರೋವಾಗ ಕಂಪ್ಲಿ ಸಣ್ಣಕ್ಕಿ ತರ್ತೀನಿ, ಖರೇನ ಹೆಚ್ಚಾಗಂಗ ತರ್ತೀನಿ” ಎಂದ. ಸ್ವಲ್ಪ ಹೊತ್ತಿನ ಮೇಲೆ ತಿರುವಿನಿಂದ ಹಾರ್ನ್ ಕೇಳಿಸಿತು. ಎರಡು ಗಿಡ್ಡ, ಒಂದು ಉದ್ದ. ಸೊಸೆ ಹೇಳಿದಳು: “ಅದು ಅವರ ಲಾರಿದು. ಹೋಗೋವಾಗೊಮ್ಮೆ, ಬರೋವಾಗೊಮ್ಮೆ ಹೊಡಿತಾರ. ಬರೋವಾಗ ಹೊಡದ್ರ ನಾ ಒಲಿ ಮ್ಯಾಲೆ ಹಂಚು ಇಡಬೇಕು. ಕೈಕಾಲು ತೊಳಕೊಂಡು ಒಳಗ ಬರೋದರೊಳಗ ಬಿಸಿ ರೊಟ್ಟಿ ಆಗಿರಬೇಕು.”

ಇಷ್ಟು ಹಾರ್ನುಗಳ ನಡುವೆ ಒಂದನ್ನು ಹೇಗೆ ಗುರುತಿಸುತ್ತೀ ಎಂದು ನಾನು ಕೇಳಿದೆ. “ನಿಮ್ಮ ಮನಿ ಬಾಗಲದ ಸಪ್ಪಳ ನಿಮಗ ಗೊತ್ತಾಗಂಗಿಲ್ಲೇನ್ರಿ?” ಎಂದಳು.

ಚಳಿಗಾಲದ ಸರದಿಗೆ ಹೋದಾಗ ಹೊರಸು ಗೋಡೆಗೆ ಎತ್ತಿ ನಿಲ್ಲಿಸಿತ್ತು. ಚಳಿಯ ದಿನಗಳಲ್ಲಿ ಧೂಳು ಬೇಗ ಕೆಳಗಿಳಿಯುವುದಿಲ್ಲ. ಬೆಳಗಿನ ಬಿಸಿಲಿನಲ್ಲಿ ಹೊಗೆಯಂತೆ ನಿಂತೇ ಇರುತ್ತದೆ. ಮನೆಯ ಹಿಂದಿನ ಜೋಳದ ಹೊಲವನ್ನು ಅದರ ಒಡೆಯರು ಅದಿರು ಸುರಿಯುವುದಕ್ಕೆ ಕೊಟ್ಟಿದ್ದರು. ಸೊಸೆ ಅಲ್ಲಿಯೇ ಜರಡಿ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ಹಿಂದಿನ ಸುಗ್ಗಿಯಲ್ಲಿ ತಾನು ತೆನೆ ಕೊಯ್ದ ಜಾಗದಲ್ಲಿ ಈಗ ಕಲ್ಲು ಬೇರೆ, ಪುಡಿ ಬೇರೆ ಮಾಡುತ್ತಿದ್ದಳು. ನಾವು ಬಂದೆವೆಂದು ಮುದುಕಿ ಅವಳನ್ನು ಕರೆಸಿದಳು. ರೆಪ್ಪೆಯ ಕೂದಲಿನ ಮೇಲೂ ಕೆಂಪು ಕೂತಿತ್ತು.

ಕಾಯಿಲೆಯ ಪ್ರಶ್ನೆ ಕೇಳಿದೆ. ಹೋದ ತಿಂಗಳಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ದಮ್ಮು?

“ಎಲ್ಲಾರೂ ಆರಾಮ ಅದೀವ್ರಿ” ಎಂದಳು. ಅನ್ನುವಾಗಲೇ ಕೆಮ್ಮು ಬಂತು. ನಿಲ್ಲಲಿಲ್ಲ.

“ಇದು ಕೆಮ್ಮಲ್ವಾ ಅಕ್ಕ?” ಎಂದಳು ಜೊತೆಯವಳು.

“ಇದು ಧೂಳ್ರಿ. ಹೊರಗ ಬರತೈತಿ, ಅಷ್ಟ.”

ಆ ಊರಿನಲ್ಲಿ ಎಲ್ಲರೂ ಹೀಗೇ ಹೇಳುತ್ತಿದ್ದರು. ಕೆಮ್ಮಿದವರ ಹೆಸರಿನ ಮುಂದೆ ‘ಕಾಯಿಲೆ ಇಲ್ಲ’ ಎಂದೇ ಬರೆದುಕೊಂಡು ಬಂದೆವು. ಉತ್ತರ ಕೊಟ್ಟವರ ಮಾತನ್ನು ನಾವು ತಿದ್ದುವ ಹಾಗಿರಲಿಲ್ಲ.

ಆಮೇಲೆ ಸದಸ್ಯರ ಪ್ರಶ್ನೆ. ಹೋದ ಸಲದ ಹಾಗೆಯೇ ಮೂರು ಮಂದಿಯೇ?

“ಮೂರ ಮಂದಿ” ಎಂದಳು ಮುದುಕಿ, ಸೊಸೆಗಿಂತ ಮುಂಚೆ. “ನನ್ನ ಮಗ ಬಂದರಿಗೆ ಹೋಗ್ಯಾನ. ಅಲ್ಲೆ ಲೈನ್ ಭಾಳ ಐತಂತ.”

“ಹೋಗಿ ಎಷ್ಟು ದಿನ ಆಯ್ತಜ್ಜಿ?”

“ಮೊನ್ನಿ ಹೋದ.”

ಜೊತೆಯವಳು ಪೆನ್ನು ಹಿಡಿದುಕೊಂಡು ಕಾದಳು. ಆಗಲೇ ತಿರುವಿನಲ್ಲಿ ಹಾರ್ನ್ ಆಯಿತು. ಎರಡು ಗಿಡ್ಡ, ಒಂದು ಉದ್ದ. ನಾನು ಸೊಸೆಯ ಕಡೆ ನೋಡಿದೆ. ಅವಳ ಕೈ ತಾನಾಗಿಯೇ ಹಂಚಿನ ಕಡೆ ಹೋಗಿ, ಅಲ್ಲಿಂದ ಮಡಿಲಿಗೆ ಮರಳಿತು. ಲಾರಿ ನಿಲ್ಲದೆ ಮುಂದೆ ಹೋಯಿತು.

ನಾನು ಕೈ ತೊಳೆಯಲು ಹಿತ್ತಲಿಗೆ ಹೋದಾಗ ನೀರು ಹಾಕುವ ನೆಪದಲ್ಲಿ ಹಿಂದೆಯೇ ಬಂದಳು. ಸಣ್ಣ ದನಿಯಲ್ಲಿ ಹೇಳಿದಳು: “ಲಾರಿ ಅದೇ ಐತ್ರಿ, ಮನಷಾ ಬ್ಯಾರೆ. ದಸರಾಕ್ಕಿಂತ ಮದಲ ಹೋಗ್ಯಾರ. ಲಾರಿ ಬಂತು, ಇವರು ಬರಲಿಲ್ಲ. ಮಾಲಕರನ್ನ ಕೇಳಿದ್ರ, ಬಂದರಿನ್ಯಾಗ ಇಳದು ಹ್ವಾದ, ನಮಗೇನ್ ಗೊತ್ತು ಅಂತಾರ. ಬ್ಯಾರೆ ಡ್ರೈವರನೂ ಈ ತಿರುವಿನ್ಯಾಗ ಅದೇ ಹಾರ್ನ ಹೊಡಿತಾನ. ಅವನಿಗೇನ್ ಗೊತ್ತು ಪಾಪ.”

ತಂಬಿಗೆಯ ನೀರು ಮುಗಿದರೂ ಕೈ ಒಡ್ಡಿಕೊಂಡೇ ನಿಂತಿದ್ದೆ.

“ಅಕ್ಕಾರ, ಅವರ ಹೆಸರು ತಗಿಬ್ಯಾಡ್ರಿ” ಎಂದಳು. “ನಮ್ಮ ಮನ್ಯಾಗ ಅವರು ಇಲ್ಲ ಅಂತ ಯಾರೂ ಇನ್ನಾ ಅಂದಿಲ್ಲ. ನೀವು ಬರದ್ರ ಅಂದಂಗ ಆಗತೈತಿ.”

ಆರು ತಿಂಗಳ ನಿಯಮವನ್ನು ಅವಳಿಗೆ ಹೇಳಿದೆ. ಇನ್ನೂ ಆರು ತಿಂಗಳಾಗಿಲ್ಲ, ಈ ಸಲ ಬರೆಯಬಹುದು; ಬೇಸಿಗೆಯಲ್ಲಿ ಬಂದಾಗ ಮಾತ್ರ ಆಗುವುದಿಲ್ಲ ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

“ಅಷ್ಟರಾಗ ಉಗಾದಿ ಬರತೈತೆಲ್ರಿ. ಉಗಾದಿಗೆ ಬೇವು ಬೆಲ್ಲ ತಿನ್ನಾಕ ಎಲ್ಲಿದ್ರೂ ಬರ್ತಾರ. ಒಂದು ವರ್ಷನೂ ತಪ್ಪಿಲ್ಲ.”

ಒಳಗೆ ಬಂದು ಮೂರು ಮಂದಿ ಎಂದು ಬರೆಸಿದೆ. ಮುದುಕಿ ನೋಡುತ್ತಿದ್ದಳು. ಅವಳಿಗೆ ಓದಲು ಬಾರದು. ಆದರೂ ಬಗ್ಗಿ, ಬರೆದ ಜಾಗದ ಮೇಲೆ ಬೆರಳಿಟ್ಟು, “ಇದು ಏನವ್ವ ನನ್ನ ಮಗ?” ಎಂದಳು. ಹೌದೆಂದೆ. ಬೆರಳು ತೆಗೆದಾಗ ಅಲ್ಲೊಂದು ಕೆಂಪು ಗುರುತು ಉಳಿದಿತ್ತು. ಅಕ್ಕಿಯ ಪ್ರಶ್ನೆಗೆ ಸೊಸೆ ಎಂದಿನಂತೆ “ಹೆಚ್ಚಾಗ್ಯಾವ್ರಿ” ಅಂದಳು. ಜೊತೆಯವಳು ಈ ಸಲ ನಗಲಿಲ್ಲ, ಮತ್ತೆ ಕೇಳಲೂ ಇಲ್ಲ. ಸೊನ್ನೆ ಹಾಕಿದಳು.

ಆ ಮೇಲಿನ ದಿನಗಳಲ್ಲಿ ನಮ್ಮ ಕೆಲಸ ಕುರೆಕುಪ್ಪದ ಕಡೆ ಬಿತ್ತು, ಆಮೇಲೆ ದರೋಜಿ, ಮೆಟ್ರಿ. ಕುರೆಕುಪ್ಪದಲ್ಲಿ ಬಸ್ಸಿಗೆ ಕಾಯುವಾಗ ಚಹಾದಂಗಡಿಯ ಮುಂದೆ ಡ್ರೈವರುಗಳ ಗುಂಪು ಇರುತ್ತಿತ್ತು. ಅವನ ಮುಖ ನನಗೆ ನೆನಪಿತ್ತು. ಸುಮ್ಮನೆ ಕಣ್ಣು ಹಾಯಿಸುತ್ತಿದ್ದೆ. ಮೆಟ್ರಿಯಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಅಕ್ಕಿ ಚೀಲಗಳನ್ನು ಮಾಡಿಗೆ ತಾಗುವಂತೆ ಒಟ್ಟಿದ್ದರು. ಎಷ್ಟು ಚೀಲ ಎಂದು ಕೇಳಿದರೆ ಮನೆಯೊಡತಿ, “ದೃಷ್ಟಿ ಆಗತೈತಿ, ಸ್ವಲ್ಪ ಅದಾವ ಅಂತ ಬರಕೋರಿ” ಎಂದಳು. ಆಚೆ ಬಂದ ಮೇಲೆ ಜೊತೆಯವಳು, “ಅಕ್ಕ, ಇಲ್ಲದೋರು ಹೆಚ್ಚು ಅಂತಾರೆ, ಇರೋರು ಸ್ವಲ್ಪ ಅಂತಾರೆ. ನಾವು ಬರೆದಿದ್ದನ್ನ ಓದಿ ಅವ್ರು ಅಲ್ಲಿ ಕೂತು ಏನು ತಿಳ್ಕೊಳ್ತಾರೋ” ಎಂದಳು. ಆ ಸಮೀಕ್ಷೆಯಿಂದ ಏನಾಯಿತೆಂದು ನಮಗೆ ಯಾರೂ ಹೇಳಿ ಕಳಿಸಲಿಲ್ಲ.

ಬೇಸಿಗೆಯ ಸರದಿಗೆ ಹೋಗುವಾಗ ಯುಗಾದಿ ಕಳೆದಿತ್ತು. ಆ ಮನೆಯನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದು ನಾನೇ ಹೇಳಿದೆ. ಉಳಿದ ಮನೆಗಳನ್ನು ಮುಗಿಸಿ ಬಂದಾಗ ಮಧ್ಯಾಹ್ನ. ಬಾಗಿಲಿಗೆ ಮಾವಿನ ತೋರಣ ಹಾಗೇ ಇತ್ತು, ಒಣಗಿ ಸುರುಟಿ. ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ಬರ್ರಿ ಅನ್ನಲಿಲ್ಲ. ಸೊಸೆ ಒಳಗಿನಿಂದ ಬಂದು ಚಾಪೆ ಹಾಸಿದಳು.

“ಕುಂದ್ರಿ. ಜಲ್ದಿ ಮುಗಸ್ರಿ ಅಕ್ಕಾರ, ಜರಡಿ ಬಿಟ್ಟು ಬಂದೀನಿ.”

ನಾನು ಹಳೆಯ ಹಾಳೆ ನೋಡಿಕೊಂಡು, “ಹೋದ ಸಲ ಮೂರು ಮಂದಿ ಅಂತ ಐತಿ…” ಎಂದು ಎಳೆದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನೀವು ಮೊದಲನೇ ಸಲ ಬಂದಾಗ ಒಂದು ಮಾತು ಹೇಳಿದ್ರಿ. ಒಂದ ಒಲಿ ಮ್ಯಾಲೆ ಉಣ್ಣೋರು ಒಂದ ಮನಿ, ಎರಡು ಒಲಿ ಆದ್ರ ಎರಡು ಮನಿ ಅಂತ.”

“ಹೌದವ್ವ, ಹೇಳಿದ್ದೆ.”

“ಬಂದರಿನ ಕಡಿ ಅವರು ಒಲಿ ಹೂಡ್ಯಾರಂತ್ರಿ. ಅವರ ಜತಿಗೆ ಲಾರಿ ಹೊಡಿತಿದ್ದವರು ಉಗಾದಿ ಮುಂದ ಬಂದು ಹೇಳಿ ಹ್ವಾದ್ರು. ಆ ಮನ್ಯಾಗ ಉಂಡೂ ಬಂದಾರಂತ. ಅಲ್ಲಿ ಇರೋ ಅಕಿ ಮೀನಿನ ಸಾರು ಮಾಡಿ ಹಾಕಿದ್ಲಂತ.”

“ಸುಳ್ಳ ಹೇಳ್ಯಾನ ಅವ!” ಕಟ್ಟೆಯ ಮೇಲಿನಿಂದ ಮುದುಕಿ ಕೂಗಿದಳು. “ನನ್ನ ಮಗ ಮೀನ ಮುಟ್ಟಂಗಿಲ್ಲ. ಕೊಳ್ಳಾಗ ಲಿಂಗ ಐತಿ. ತತ್ತಿ ಬೇಯಿಸಿದ ಮನ್ಯಾಗ ನೀರು ಕುಡದಿಲ್ಲ ಅವ.”

“ಅಕಿ ಮಾಡ್ಯಾಳ ಅಂತ ಹೇಳಿದ್ನಿ ಅತ್ತಿ. ಅವರು ತಿಂದ್ರು ಅಂತ ನಾ ಎಲ್ಲಿ ಅಂದೆ?”

ಮಗ ಬೇರೆ ಸಂಸಾರ ಹೂಡಿದ್ದನ್ನು ಮುದುಕಿ ಅಲ್ಲಗಳೆಯಲಿಲ್ಲ. ಅಲ್ಲಗಳೆದದ್ದು ಮೀನನ್ನು ಮಾತ್ರ.

ಸೊಸೆ ನನ್ನ ಕಡೆ ತಿರುಗಿ, “ಹಂಗಾರ ಅವರು ಆ ಮನಿಯವರು ಆದ್ರು. ಇಲ್ಲಿ ಬರಿಬ್ಯಾಡ್ರಿ” ಎಂದಳು.

ಹೊಡೆದುಹಾಕಬೇಕಾದರೆ ಕಾರಣ ಬರೆಯಬೇಕು. ಹಾಳೆಯಲ್ಲಿ ಅದಕ್ಕೆ ನಾಲ್ಕು ಉತ್ತರಗಳಿದ್ದವು: ಮರಣ, ಮದುವೆ, ಕೆಲಸಕ್ಕಾಗಿ ಹೋದದ್ದು, ಇತರೆ. ಜೊತೆಯವಳು ನನ್ನ ಕಿವಿಯ ಹತ್ತಿರ ಬಂದು, “ಏನ್ ಹಾಕ್ಲಿ ಅಕ್ಕ?” ಎಂದಳು. ಮೆಲ್ಲಗೆ ಕೇಳಿದರೂ ಮುದುಕಿಗೆ ಕೇಳಿಸಿತ್ತು.

“ಕೆಲಸಕ್ಕ ಹೋಗ್ಯಾನ ಅಂತ ಬರಿಯವ್ವ. ಅವ ಹೋಗಿದ್ದು ಕೆಲಸಕ್ಕ.”

ಹಾಗೆಯೇ ಬರೆದೆವು. ನನಗೆ ಅಲ್ಲಿಗೇ ಎದ್ದುಬಿಡಬೇಕು ಅನಿಸಿತು. ಆದರೆ ಯಜಮಾನನ ಹೆಸರು ಹೋದ ಮೇಲೆ ಹೊಸ ಹೆಸರು ಬೇಕು. ಯಜಮಾನರು ಯಾರು ಎಂದು ಮತ್ತೆ ಕೇಳಬೇಕಾಯಿತು. ಯಾರೂ ಚೇಷ್ಟೆ ಮಾಡಲಿಲ್ಲ. ಸೊಸೆ ಅತ್ತೆಯ ಕಡೆ ಕೈ ತೋರಿಸಿದಳು.

“ನಂದ್ಯಾಕ? ದುಡಿಯಾಕಿ ಅಕಿ. ಅಕೀದ ಬರಕೋ” ಎಂದಳು ಮುದುಕಿ. ಆಮೇಲೆ ನನ್ನ ಕಡೆ ತಿರುಗಿ, “ತಂಗೀ, ನನ್ನ ಯಾವ ಮನ್ಯಾಗ ಬರೀತಿ?” ಎಂದು ಕೇಳಿದಳು.

“ಇದ ಮನ್ಯಾಗ ಅಮ್ಮಾ. ಇಲ್ಲೇ ಉಣ್ತೀರಲ್ಲ” ಎಂದೆ.

“ಹ್ಞೂಂ. ಇಲ್ಲೇ.”

ಸೊಸೆ ಹೌದು ಎನ್ನಲಿಲ್ಲ. ಕಟ್ಟೆಯಾಚೆ ಜರಡಿಯ ಸಪ್ಪಳ ಕೇಳುತ್ತಿತ್ತು. ಅವಳ ಗಮನವೆಲ್ಲ ಅತ್ತಲೇ ಇತ್ತು.

ಜೊತೆಯವಳು ಕಾಳುಕಡಿಯ ಪುಟ ತಿರುವಿದಳು. ಈ ಮನೆಯ ಉತ್ತರ ಅವಳಿಗೆ ಈಗ ಬಾಯಿಪಾಠ. ಕೇಳುವ ಮೊದಲೇ ಪೆನ್ನಿನ ತುದಿ ಸೊನ್ನೆಯ ಜಾಗಕ್ಕೆ ಹೋಗಿತ್ತು.

“ಅಕ್ಕಿ?”

“ಇಲ್ರಿ” ಎಂದಳು ಸೊಸೆ.

ಜೊತೆಯವಳು ತಲೆ ಎತ್ತಿದಳು.

“ಅಕ್ಕಿ ಇಲ್ಲ. ಜ್ವಾಳ ಇಲ್ಲ. ಬ್ಯಾಳಿ ಇಲ್ಲ. ಬರಕೋರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯವನು ತನ್ನಲ್ಲಿಲ್ಲದ ಸಾಮಾನನ್ನು ಹೇಳುವ ಹಾಗೆ ಹೇಳಿದಳು. “ಸುಮ್ನ ನಿಮಗೂ ತಿಳಿಯಂಗಿಲ್ಲ, ಹೆಚ್ಚು ಅಂದ್ರ.”

ನಾನು ಮುದುಕಿಯ ಗದರಿಕೆಗಾಗಿ ಕಾದೆ. ಒಳಗೆ ಜಗಲಿಯ ಮೇಲಿನ ದೇವರಿಗೆ ಬೆಳಗಿನ ವಿಭೂತಿ ಹಾಗೇ ಇತ್ತು. ಮುದುಕಿ ಕಟ್ಟೆಯ ಅಂಚನ್ನು ಅಂಗೈಯಿಂದ ಒರೆಸುತ್ತಿದ್ದಳು. ಒರೆಸಿದ ಜಾಗದಲ್ಲಿ ಮತ್ತೆ ಕೆಂಪು ಕೂರುತ್ತಿತ್ತು, ಅವಳು ಮತ್ತೆ ಒರೆಸುತ್ತಿದ್ದಳು.

ಆ ಹೊತ್ತಿಗೆ ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಎರಡು ಗಿಡ್ಡ, ಒಂದು ಉದ್ದ. ಸೊಸೆ ಚಾಪೆಯಿಂದ ಎದ್ದು ಸೆರಗು ಸಿಕ್ಕಿಸಿಕೊಂಡು, “ಮುಗೀತಲ್ರಿ?” ಎಂದು ಕೇಳಿ ಹಿತ್ತಲ ಬಾಗಿಲಿನಿಂದ ಜರಡಿಯ ಕಡೆ ನಡೆದಳು. ಮುದುಕಿಯ ಕೈ ಒರೆಸುವುದನ್ನು ನಿಲ್ಲಿಸಲಿಲ್ಲ. ರಸ್ತೆಯ ಕಡೆ ತಿರುಗಿ ನೋಡಿದವಳು ನಾನೊಬ್ಬಳೇ.